ಲಾರಿಯ ಮೇಲೊಂದು ಪತ್ರಿಕಾಗೋಷ್ಠಿ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನನ್ನದೊಂದು ಬಾಡಿಗೆ ಕೋಣೆ. ವೃತ್ತಿ ನಾಟಕ ಕಂಪನಿಗಳು ತಮ್ಮ ಹೊಸ ನಾಟಕಗಳ ಸುದ್ದಿಯನ್ನು ಊರಿಗೆ ಹೇಗೆ ಮುಟ್ಟಿಸುತ್ತಿದ್ದವು ಎಂಬುದು ನನ್ನ ಪಿಎಚ್.ಡಿ. ವಿಷಯ. ಮೇಜಿನ ಮೇಲೆ ಗುಲಾಬಿ, ಹಳದಿ ಬಣ್ಣದ ತೆಳು ಕಾಗದದ ಕರಪತ್ರಗಳಿವೆ. ಲ್ಯಾಪ್‌ಟಾಪಿನಲ್ಲಿ ಹಿರಿಯ ಕಲಾವಿದರ ಸಂದರ್ಶನಗಳಿವೆ. ಅವುಗಳಲ್ಲಿ ಒಂದಕ್ಕೆ ನಾನು ‘ಉಪಯೋಗವಿಲ್ಲ’ ಎಂದು ಹೆಸರು ಕೊಟ್ಟು ಪಕ್ಕಕ್ಕಿಟ್ಟಿದ್ದೆ. ಅದನ್ನು ಮತ್ತೆ ತೆರೆಯುವಂತೆ ಮಾಡಿದ್ದು, ಯಾರೂ ನಂಬಲಿಕ್ಕಿಲ್ಲ, ಲಂಡನ್ನಿನ ಒಂದು ರಾಕ್ ಬ್ಯಾಂಡು.

ಆ ಸಂದರ್ಶನ ಒಬ್ಬ ಹಾರ್ಮೋನಿಯಂ ಮಾಸ್ತರರದ್ದು. ನಲವತ್ತೆರಡು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದೆ. ಒಂದಕ್ಕೂ ನೇರ ಉತ್ತರ ಸಿಗಲಿಲ್ಲ. ಕಂಪನಿ ಸೇರಿದ್ದು ಯಾವಾಗ ಎಂದರೆ ಒಂದು ನಗೆಚಾಟಿಕೆ, ಸಂಬಳ ಎಷ್ಟಿತ್ತು ಎಂದರೆ ಒಂದು ರಂಗಗೀತೆ. “ಕಂಪನಿ ಯಾಕೆ ಬಿಟ್ರಿ?” ಎಂದು ಕೇಳಿದಾಗ, “ಮಂಡಕ್ಕಿ ಸಾಲಲಿಲ್ಲ ತಮ್ಮಾ, ಬಿಟ್ಟೆ” ಎಂದರು. ನಾನು ಆ ವಾಕ್ಯವನ್ನು ಬರೆದುಕೊಂಡು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎದ್ದು ಬಂದಿದ್ದೆ.

ಈಗ ರಾಕ್ ಬ್ಯಾಂಡಿನ ಕಥೆ. 2023ರ ಆಗಸ್ಟ್‌ನಲ್ಲಿ ಪೂರ್ವ ಲಂಡನ್ನಿನ ಸ್ಥಳೀಯ ಪತ್ರಿಕೆ ‘ಹ್ಯಾಕ್ನಿ ಗೆಜೆಟ್’ನಲ್ಲಿ ಒಂದು ಸಾದಾ ಜಾಹೀರಾತು ಬಂತು. ಒಡೆದ ಗಾಜು ಸರಿಮಾಡಿಕೊಡುವ ಅಂಗಡಿಯದು. ಹೆಸರು ‘ಹ್ಯಾಕ್ನಿ ಡೈಮಂಡ್ಸ್’, ಸ್ಥಾಪನೆ 1962. ಕಣ್ಣಿಟ್ಟು ಓದಿದವರಿಗೆ ಒಕ್ಕಣೆಯೊಳಗೆ ಹಳೆಯ ಹಾಡುಗಳ ಹೆಸರುಗಳು ಸಿಕ್ಕವು. ಒಂದು ಅಕ್ಷರದ ಚುಕ್ಕೆಯ ಜಾಗದಲ್ಲಿ ನಾಲಿಗೆ ಚಾಚಿದ ಕೆಂಪು ತುಟಿಯ ಗುರುತೂ ಇತ್ತು. ಅದು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗುರುತು. 1962 ಆ ಬ್ಯಾಂಡು ಹುಟ್ಟಿದ ವರ್ಷ. ಕಾರಿನ ಗಾಜು ಒಡೆದು ಕಳ್ಳತನ ಮಾಡಿದಾಗ ರಸ್ತೆಯಲ್ಲಿ ಉಳಿಯುವ ಚೂರುಗಳಿಗೆ ಆ ಭಾಗದ ಜನ ತಮಾಷೆಗೆ ‘ಹ್ಯಾಕ್ನಿಯ ವಜ್ರಗಳು’ ಎನ್ನುತ್ತಾರಂತೆ. ಅದೇ ಹೊಸ ಆಲ್ಬಮಿನ ಹೆಸರು.

ಸೆಪ್ಟೆಂಬರ್ 6ರಂದು ಹ್ಯಾಕ್ನಿ ಎಂಪೈರ್ ರಂಗಮಂದಿರದಲ್ಲಿ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್, ರಾನಿ ವುಡ್ ವೇದಿಕೆ ಹತ್ತಿದರು. ಜ್ಯಾಗರ್‌ಗೆ ಆಗ 80, ರಿಚರ್ಡ್ಸ್‌ಗೆ 79, ವುಡ್‌ಗೆ 76. ಪ್ರಶ್ನೆ ಕೇಳಲು ಕೂತವರು ಸಂಗೀತ ವಿಮರ್ಶಕರಲ್ಲ, ಅಮೆರಿಕದ ಟಿ.ವಿ. ಹಾಸ್ಯಗಾರ ಜಿಮ್ಮಿ ಫ್ಯಾಲನ್. ಮಾತುಕತೆ ಯೂಟ್ಯೂಬಿನಲ್ಲಿ ನೇರಪ್ರಸಾರವಾಯಿತು. 2005ರ ‘ಎ ಬಿಗ್ಗರ್ ಬ್ಯಾಂಗ್’ ಆದಮೇಲೆ ಹೊಸ ಹಾಡುಗಳ ಆಲ್ಬಮ್ ಬರಲು 18 ವರ್ಷ ಯಾಕೆ ಬೇಕಾಯಿತು ಎಂಬುದಕ್ಕೆ ಜ್ಯಾಗರ್ ಕೊಟ್ಟ ಕಾರಣ: ಸೋಮಾರಿತನ.

ಇತಿಹಾಸದ ವಿದ್ಯಾರ್ಥಿ ಇದನ್ನು ಹಾಗೇ ಎತ್ತಿ ಬರೆದರೆ ಕೆಟ್ಟ. ಆ 18 ವರ್ಷಗಳಲ್ಲಿ ಅವರು ಜಗತ್ತು ಸುತ್ತಿ ಕಛೇರಿ ಮಾಡಿದ್ದಾರೆ. 2016ರಲ್ಲಿ ಹಳೆಯ ಬ್ಲೂಸ್ ಹಾಡುಗಳ ಆಲ್ಬಮ್ ಒಂದನ್ನು ತಂದಿದ್ದಾರೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಒಂದು ಹೊಸ ಹಾಡು ಬಿಟ್ಟಿದ್ದಾರೆ. 2021ರ ಆಗಸ್ಟ್ 24ರಂದು ಅವರ ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡರು; 1963ರಿಂದ ಅವರ ಬೆನ್ನ ಹಿಂದೆ ಕೂತು ತಾಳ ಹಿಡಿದವರು. ಅವರ ಹೆಸರು ಬಂದಾಗ ನಗೆಯ ಮಾತುಕತೆ ಕೊಂಚ ನಿಧಾನವಾಗುತ್ತದೆ. ಚಾರ್ಲಿ ಹೋದಮೇಲೆ ಎಲ್ಲವೂ ಬೇರೆಯೇ ಎಂಬರ್ಥದ ಒಂದೆರಡು ಮಾತನ್ನು ರಿಚರ್ಡ್ಸ್ ಆಡುತ್ತಾರೆ. ಅಷ್ಟೇ, ಮತ್ತೆ ನಗೆ. ಆದರೆ ಅಕ್ಟೋಬರ್ 20ಕ್ಕೆ ಬಂದ ಆಲ್ಬಮಿನಲ್ಲಿ ವಾಟ್ಸ್ ಮೊದಲೇ ನುಡಿಸಿಟ್ಟಿದ್ದ ಎರಡು ಹಾಡುಗಳಿವೆ. ಅವುಗಳಲ್ಲೊಂದಕ್ಕೆ, ದಶಕಗಳ ಹಿಂದೆಯೇ ಬ್ಯಾಂಡು ಬಿಟ್ಟಿದ್ದ ಬಿಲ್ ವೈಮನ್ ಬಂದು ಬೇಸ್ ನುಡಿಸಿದರು. ಬಾಯಲ್ಲಿ ಹೇಳದ್ದನ್ನು ಆಲ್ಬಮಿನಲ್ಲಿ ಹೇಳಿದ್ದರು.

ಪ್ರಶ್ನೆಯಿಂದ ಹೀಗೆ ಜಾರಿಕೊಳ್ಳುವುದು ರಾಕ್ ಸಂಗೀತದಲ್ಲಿ ಹಳೆಯ ಆಟ. 1964ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಬೀಟಲ್ಸ್ ಹುಡುಗರು ಪತ್ರಕರ್ತರ ಪ್ರಶ್ನೆಗಳನ್ನೆಲ್ಲ ಚಟಾಕಿಯಾಗಿ ತಿರುಗಿಸಿ ಎಸೆದರು. ಮರುವರ್ಷ ಡಿಸೆಂಬರ್‌ನಲ್ಲಿ ಬಾಬ್ ಡಿಲನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನೇ ಇನ್ನೂ ಗಂಭೀರ ಮುಖದಲ್ಲಿ ಮಾಡಿದರು. ನಮ್ಮ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡಿನ ಹೆಸರೇ ಒಂದು ಚಟಾಕಿ: ಮೂವರು ಪೂರ್ತಿ ಮಲಯಾಳಿಗಳು, ಒಬ್ಬರು ಕಾಲುಪಾಲು ಮಲಯಾಳಿ. 1996ರಲ್ಲಿ ಹುಟ್ಟಿದ ಈ ಬ್ಯಾಂಡು 2012ರಲ್ಲಿ ಮೂರು ಸಿ.ಡಿ.ಗಳ ಆಲ್ಬಮ್ ತಂದಾಗ ಊರಿನ ಕಥೆ ಹೇಳಲು ಆರಿಸಿಕೊಂಡ ರೂಪಕ ಆಟೋರಿಕ್ಷಾ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು 1975ರ ಮೇ 1ರ ಒಂದು ಘಟನೆ. ಸ್ಟೋನ್ಸ್ ತಂಡದ ಅಮೆರಿಕ ಪ್ರವಾಸದ ಘೋಷಣೆಗೆಂದು ಪತ್ರಕರ್ತರನ್ನು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಒಂದು ಹೋಟೆಲಿಗೆ ಕರೆಸಿದ್ದರು. ಒಳಗೆ ಮೈಕಿನ ಮುಂದೆ ನಿಂತಿದ್ದವರು ಪಂಡಿತರ ಧಾಟಿಯಲ್ಲಿ ಅರ್ಥವಿಲ್ಲದ ಭಾಷಣ ಮಾಡುವ ಹಾಸ್ಯಗಾರ ಇರ್ವಿನ್ ಕೋರಿ. ಅಷ್ಟರಲ್ಲಿ ಹೊರಗೆ ಸದ್ದು. ತೆರೆದ ಲಾರಿಯೊಂದರ ಮೇಲೆ ಬ್ಯಾಂಡು ನಿಂತು ‘ಬ್ರೌನ್ ಶುಗರ್’ ನುಡಿಸುತ್ತ ಬರುತ್ತಿತ್ತು. ಪತ್ರಕರ್ತರು ಹೊರಗೋಡಿದರು. ಹಾಡು ಮುಗಿಯಿತು, ಲಾರಿ ಹೊರಟುಹೋಯಿತು. ಒಂದೇ ಒಂದು ಪ್ರಶ್ನೆಗೂ ಅವಕಾಶವಿರಲಿಲ್ಲ.

ಆ ಉಪಾಯ ಚಾರ್ಲಿ ವಾಟ್ಸ್ ಅವರದ್ದು. ಅವರು ಜಾಝ್ ಪ್ರೇಮಿ. ಹಿಂದೆ ಜಾಝ್ ತಂಡಗಳು ಲಾರಿಯ ಮೇಲೆ ನುಡಿಸುತ್ತ ಬೀದಿ ಸುತ್ತಿ ತಮ್ಮ ಕಛೇರಿಯ ಸುದ್ದಿ ಸಾರುತ್ತಿದ್ದುದನ್ನು ಬಲ್ಲವರು.

ಇದು ದಾವಣಗೆರೆಯವರಿಗೆ ಹೊಸದೇ? ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಜಟಕಾ ಗಾಡಿಗೆ ಎರಡೂ ಕಡೆ ಬಣ್ಣದ ಬೋರ್ಡು ಕಟ್ಟಿ, ವಾದ್ಯ ಬಾರಿಸುತ್ತ, ಕರಪತ್ರ ತೂರುತ್ತ ಕಂಪನಿಯವರು ಬೀದಿ ಸುತ್ತುತ್ತಿದ್ದರೆ ಮಕ್ಕಳು ಹಿಂದೆ ಓಡುತ್ತಿದ್ದರು. ನಾಟಕದ ಬಗ್ಗೆ ಯಾರೂ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಗಾಡಿಯೇ ನಾಟಕದ ಮೊದಲ ದೃಶ್ಯ. ಹ್ಯಾಕ್ನಿ ಎಂಪೈರ್ ಕೂಡ 1901ರಲ್ಲಿ ಶುರುವಾದ, ಒಂದೇ ರಾತ್ರಿ ಹಾಡು, ಹಾಸ್ಯ, ಕಸರತ್ತು ಎಲ್ಲವನ್ನೂ ತೋರಿಸುತ್ತಿದ್ದ ರಂಗಮಂದಿರ. ಮೂವರು ಮುದುಕರು ಅಲ್ಲಿ ಕೂತು ಪ್ರಶ್ನೆಗಳನ್ನು ಹಾರಿಸಿದ್ದು ಉದ್ಧಟತನವೆಂದು ನನಗೀಗ ಅನ್ನಿಸುವುದಿಲ್ಲ. ಸಂದರ್ಶನ ಎಂಬುದು ಅವರಿಗೆ ಇನ್ನೊಂದು ರಂಗ. ಬಣ್ಣ ಹಚ್ಚಿಕೊಂಡು ನಿಂತಲ್ಲಿ ಮಾತ್ರ ಅವರು ನೋವಿನ ಮಾತನ್ನೂ ಆಡಬಲ್ಲರು.

ಆ ರಾತ್ರಿ ‘ಉಪಯೋಗವಿಲ್ಲ’ ಕಡತವನ್ನು ಮತ್ತೆ ಕೇಳಿದೆ. “ಮಂಡಕ್ಕಿ ಸಾಲಲಿಲ್ಲ” ಎಂಬಲ್ಲಿ ನಾನು ಬರವಣಿಗೆ ನಿಲ್ಲಿಸಿದ್ದೆ. ಆದರೆ ಧ್ವನಿಮುದ್ರಣ ನಿಂತಿರಲಿಲ್ಲ. ಅರ್ಧ ನಿಮಿಷ ಮಾತಿಲ್ಲ. ಹಾರ್ಮೋನಿಯಂ ಮುಚ್ಚಳದ ಮೇಲೆ ಬೆರಳು ತಾಳ ಹಾಕುತ್ತಿರುವ ಸದ್ದು ಮಾತ್ರ. ಆಮೇಲೆ ತಗ್ಗಿದ ದನಿ: “ತಬಲಾದವ ಹೋದಮೇಲೆ ಪೆಟ್ಟಿಗೆ ಮುಂದೆ ಕೂತು ಏನ್ ಮಾಡ್ಲಿ?” ಅದರ ಬೆನ್ನಿಗೇ ನನ್ನದೇ ದನಿ, ಅವಸರದಲ್ಲಿ: “ಸರಿ ಮಾಸ್ತರೇ, ಮುಂದಿನ ಪ್ರಶ್ನೆ...”

ಅದನ್ನು ಕೇಳಿ ನಾಚಿಕೆಯಾಯಿತು. ಉತ್ತರ ಬಂದಿತ್ತು, ಮುಂದಿನ ಪ್ರಶ್ನೆ ಎಲ್ಲಿದೆ ಎಂದು ನಾನು ಪಟ್ಟಿಯಲ್ಲಿ ಹುಡುಕುತ್ತಿದ್ದೆ.

ಈಗ ಆ ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ. ಮಂಡಕ್ಕಿಯ ಮಾತೂ ಇದೆ, ಅರ್ಧ ನಿಮಿಷದ ಮೌನವೂ ಇದೆ, ಬೆರಳಿನ ತಾಳವೂ ಇದೆ. ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಮೌನ ಆಧಾರವಾಗುತ್ತದೆಯೇ?” ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮೌನಕ್ಕೆ ನಮಗೆ ಬೇಕಾದ ಅರ್ಥ ಹಚ್ಚುವುದು ಸುಲಭ. ಆದರೆ ಸ್ಟೋನ್ಸ್ ವಿಷಯದಲ್ಲಿ ಆಡದ ಮಾತಿಗೆ ಆಲ್ಬಮಿನ ಎರಡು ಹಾಡುಗಳು ಸಾಕ್ಷಿಯಿವೆ. ಮಾಸ್ತರರ ತಬಲಾದವರಿಗೂ ಎಲ್ಲಾದರೂ ಅಂಥದೊಂದು ಸಾಕ್ಷಿ ಇರಬೇಕು. ಹಳದಿ ಕರಪತ್ರಗಳ ಕೊನೆಯಲ್ಲಿ, ಸಣ್ಣ ಅಕ್ಷರದ ವಾದ್ಯವೃಂದದ ಸಾಲಿನಲ್ಲಿ, ಆ ಹೆಸರು ಯಾವ ವರ್ಷದವರೆಗೆ ಬರುತ್ತದೆ ಎಂದು ನೋಡುತ್ತಿದ್ದೇನೆ.