ನ್ಯಾಯಾಧೀಶರ ಮೇಲಿನ ದೂರು ಮತ್ತು ವಿಚಾರಣೆ (ಭಾರತ)

ಭಾರತದಲ್ಲಿ ನ್ಯಾಯಾಧೀಶರ ನಡತೆಯ ಬಗ್ಗೆ ಬಂದ ದೂರು ಯಾರ ಮುಂದೆ ಹೋಗುತ್ತದೆ ಎಂಬುದು ಅವರು ಯಾವ ಕೋರ್ಟಿನವರು ಎಂಬುದರ ಮೇಲೆ ನಿಂತಿದೆ. ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳ ಮೇಲಿನ ನಿಯಂತ್ರಣವನ್ನು ಸಂವಿಧಾನದ 235ನೇ ವಿಧಿ ಹೈಕೋರ್ಟಿಗೆ ಒಪ್ಪಿಸಿದೆ. ಅಲ್ಲಿ ಎಚ್ಚರಿಕೆಯಿಂದ ಕಡ್ಡಾಯ ನಿವೃತ್ತಿಯವರೆಗೆ ಹಲವು ಬಗೆಯ ಶಿಸ್ತುಕ್ರಮಗಳುಂಟು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಸಂವಿಧಾನ ಹೇಳಿರುವುದು ಒಂದೇ ಕ್ರಮ: ಪದಚ್ಯುತಿ. ಅದಕ್ಕಿಂತ ಚಿಕ್ಕ ತಪ್ಪಿಗೆ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ಅರ್ಧ ಶತಮಾನ ಹಿಡಿಯಿತು.

1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ದಾರಿ ಇಷ್ಟು ದುರ್ಗಮವಾಗಿರಲಿಲ್ಲ. ಪ್ರಿವಿ ಕೌನ್ಸಿಲ್‌ನ ನ್ಯಾಯಿಕ ಸಮಿತಿ, ಸ್ವಾತಂತ್ರ್ಯದ ನಂತರ ಫೆಡರಲ್ ಕೋರ್ಟ್, ವರದಿ ಕೊಟ್ಟರೆ ಸಾಕಿತ್ತು. ಅಲಹಾಬಾದ್ ಹೈಕೋರ್ಟಿನ ಎಸ್.ಪಿ. ಸಿನ್ಹಾ 1949ರಲ್ಲಿ ಹುದ್ದೆ ಕಳೆದುಕೊಂಡದ್ದು ಹೀಗೆ. ಸಂವಿಧಾನದ 124ನೇ ವಿಧಿ ಈ ಕೆಲಸವನ್ನು ಸಂಸತ್ತಿಗೆ ವಹಿಸಿತು. ದುರ್ನಡತೆ ಅಥವಾ ಅಸಾಮರ್ಥ್ಯ ಸಾಬೀತಾಗಬೇಕು; ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ವಿಚಾರಣೆಯ ಕ್ರಮವನ್ನು 1968ರ ನ್ಯಾಯಾಧೀಶರ (ವಿಚಾರಣೆ) ಕಾಯ್ದೆ ವಿವರಿಸಿತು. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಇದ್ದರೆ ಮಾತ್ರ ಸೂಚನೆ. ನೊಂದ ಕಕ್ಷಿದಾರನಿಗೆ ಇಲ್ಲಿ ನೇರ ಪ್ರವೇಶವಿಲ್ಲ.

ಈ ಯಂತ್ರ ಮೊದಲ ಸಲ ಪೂರ್ತಿ ತಿರುಗಿದ್ದು ವಿ. ರಾಮಸ್ವಾಮಿ ಪ್ರಕರಣದಲ್ಲಿ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಚಂಡೀಗಢದ ಸರ್ಕಾರಿ ನಿವಾಸಕ್ಕೆ ರತ್ನಗಂಬಳಿ, ಪೀಠೋಪಕರಣವೆಂದು ಮಿತಿಮೀರಿ ಸಾರ್ವಜನಿಕ ಹಣ ಸುರಿದರೆಂಬುದು ಅವರ ಮೇಲಿದ್ದ ಆರೋಪ. ಲೋಕಸಭೆಯ 108 ಸದಸ್ಯರು ಸಹಿ ಹಾಕಿದ ಸೂಚನೆಯನ್ನು ಸ್ಪೀಕರ್ ರವಿ ರಾಯ್ 1991ರ ಮಾರ್ಚ್‌ನಲ್ಲಿ ಅಂಗೀಕರಿಸಿದರು. ಮರುದಿನಗಳಲ್ಲೇ ಲೋಕಸಭೆ ವಿಸರ್ಜನೆಯಾಯಿತು, ಸೂಚನೆಯೂ ಬಿದ್ದುಹೋಯಿತೇ ಎಂಬ ವಾದ ಎದ್ದಿತು. ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪಿ.ಬಿ. ಸಾವಂತ್, ಪಿ.ಡಿ. ದೇಸಾಯಿ ಮತ್ತು ಒ. ಚಿನ್ನಪ್ಪ ರೆಡ್ಡಿ ಅವರ ಸಮಿತಿ 14 ಆರೋಪಗಳಲ್ಲಿ 11 ಸಾಬೀತಾಗಿವೆ ಎಂದಿತು. 1993ರ ಮೇ ತಿಂಗಳಲ್ಲಿ ವಕೀಲ ಕಪಿಲ್ ಸಿಬಲ್ ಸದನದ ಕಟಕಟೆಯಲ್ಲಿ ನಿಂತು ರಾಮಸ್ವಾಮಿ ಪರ ವಾದಿಸಿದರು. ಸೂಚನೆಯ ಪರ 196 ಮತ ಬಿದ್ದವು, ವಿರುದ್ಧ ಒಂದೂ ಇಲ್ಲ. ಆದರೂ ಸೂಚನೆ ಸೋತಿತು, ಏಕೆಂದರೆ ಆಡಳಿತ ಪಕ್ಷ ಕಾಂಗ್ರೆಸ್ಸಿನವರೂ ಮಿತ್ರರೂ ಸೇರಿ 205 ಮಂದಿ ಸದನದಲ್ಲಿದ್ದೇ ಮತ ಹಾಕದೆ ಉಳಿದರು. ನ್ಯಾಯಾಧೀಶರ ನಡತೆಯ ತೀರ್ಮಾನ ಪಕ್ಷಗಳ ಲೆಕ್ಕಾಚಾರಕ್ಕೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಬೇಕಿಲ್ಲ.

ಕ್ರಿಮಿನಲ್ ಮೊಕದ್ದಮೆಯ ದಾರಿಯನ್ನು ನಿಗದಿಪಡಿಸಿದ್ದು ರಾಮಸ್ವಾಮಿಯವರ ಮಾವ, ಮದ್ರಾಸ್ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ವೀರಸ್ವಾಮಿ ಅವರ ಪ್ರಕರಣ. ನ್ಯಾಯಮೂರ್ತಿಗಳೂ ಭ್ರಷ್ಟಾಚಾರ ತಡೆ ಕಾಯ್ದೆಗೆ ಒಳಪಡುತ್ತಾರೆ, ಆದರೆ ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ಮೊಕದ್ದಮೆ ದಾಖಲಿಸುವಂತಿಲ್ಲ ಎಂದು 1991ರಲ್ಲಿ ತೀರ್ಪಾಯಿತು.

ಪದಚ್ಯುತಿಗೂ ಸುಮ್ಮನಿರುವುದಕ್ಕೂ ನಡುವೆ ಒಂದು ದಾರಿ ಬೇಕೆಂಬುದು 1995ರ ರವಿಚಂದ್ರನ್ ಅಯ್ಯರ್ ತೀರ್ಪಿನಲ್ಲಿ ಸ್ಪಷ್ಟವಾಯಿತು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಭಟ್ಟಾಚಾರ್ಜಿ ವಕೀಲರ ಒತ್ತಡಕ್ಕೆ ಮಣಿದು ರಾಜೀನಾಮೆ ಕೊಟ್ಟ ಸಂದರ್ಭವದು. 1997ರಲ್ಲಿ ಸುಪ್ರೀಂ ಕೋರ್ಟ್ ನಡತೆಯ ಸಂಹಿತೆಯೊಂದನ್ನು ಒಪ್ಪಿಕೊಂಡಿತು, 1999ರ ಡಿಸೆಂಬರ್‌ನಲ್ಲಿ ಆಂತರಿಕ ವಿಚಾರಣೆಯ ಕ್ರಮವನ್ನು ಅಂಗೀಕರಿಸಿತು. ಹೈಕೋರ್ಟ್ ನ್ಯಾಯಮೂರ್ತಿಯ ಮೇಲೆ ದೂರು ಬಂದರೆ ಮೊದಲು ಅವರ ಉತ್ತರ ಕೇಳಲಾಗುತ್ತದೆ. ಅದು ಸಾಲದಿದ್ದರೆ ಬೇರೆ ಹೈಕೋರ್ಟುಗಳ ಇಬ್ಬರು ಮುಖ್ಯ ನ್ಯಾಯಮೂರ್ತಿಗಳು ಮತ್ತು ಒಬ್ಬ ನ್ಯಾಯಮೂರ್ತಿಯ ಸಮಿತಿ. ಆರೋಪ ಗಂಭೀರವೆಂದು ಕಂಡರೆ ರಾಜೀನಾಮೆಯ ಸಲಹೆ. ಒಪ್ಪದಿದ್ದರೆ ಅವರಿಗೆ ಕೇಸು ಹಂಚುವುದು ನಿಲ್ಲುತ್ತದೆ, ವಿಷಯ ರಾಷ್ಟ್ರಪತಿ ಮತ್ತು ಪ್ರಧಾನಿಗೆ ತಲುಪುತ್ತದೆ. ಇದರ ದೌರ್ಬಲ್ಯ ಗೋಪ್ಯತೆ. ಕರ್ನಾಟಕ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಕುರಿತ ಆಂತರಿಕ ವರದಿಯನ್ನು ಬಹಿರಂಗಪಡಿಸಬೇಕೆಂದು ಇಂದಿರಾ ಜೈಸಿಂಗ್ ಹೂಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತಳ್ಳಿಹಾಕಿತು.

ರೂಢಿಯಲ್ಲಿ ಪ್ರಕರಣಗಳು ಮುಗಿಯುವುದು ರಾಜೀನಾಮೆಯಲ್ಲಿ. ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಕೀಲರಾಗಿದ್ದಾಗ ಕೋರ್ಟ್ ರಿಸೀವರ್ ಆಗಿ ಹಣ ದುರುಪಯೋಗ ಮಾಡಿದರೆಂಬ ಆರೋಪದಲ್ಲಿ 2011ರ ಆಗಸ್ಟ್‌ನಲ್ಲಿ ರಾಜ್ಯಸಭೆ ಸೂಚನೆಯನ್ನು ಒಪ್ಪಿತು. ಲೋಕಸಭೆ ಕೈಗೆತ್ತಿಕೊಳ್ಳುವ ಮೊದಲೇ ಅವರು ಹುದ್ದೆ ಬಿಟ್ಟರು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಮೇಲೆ ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಭೂಮಿ ಒತ್ತುವರಿಯ ಆರೋಪ ಬಂದಾಗ ಬೆಂಗಳೂರಿನ ವಕೀಲರು ಬೀದಿಗಿಳಿದರು. ಅವರನ್ನು ಸಿಕ್ಕಿಂಗೆ ವರ್ಗ ಮಾಡಲಾಯಿತು. ವಿಚಾರಣಾ ಸಮಿತಿಯ ಕೆಲಸ ನಡೆದಿರುವಾಗಲೇ 2011ರ ಜುಲೈಯಲ್ಲಿ ಅವರೂ ರಾಜೀನಾಮೆ ಕೊಟ್ಟರು. ದೂರುಗಳಿಗೆ ಕಾನೂನಿನ ಚೌಕಟ್ಟು ಕೊಡಲು ಹೊರಟ ನ್ಯಾಯಾಂಗ ಹೊಣೆಗಾರಿಕೆ ಮಸೂದೆ 2012ರಲ್ಲಿ ಲೋಕಸಭೆ ದಾಟಿ, 2014ರಲ್ಲಿ ಆ ಸದನದೊಂದಿಗೇ ಅಸುನೀಗಿತು.

ಸಾಮಾನ್ಯರ ದೂರುಗಳು ಬೇರೆ ತರಹದವು: ವಾಯಿದೆ ಮೇಲೆ ವಾಯಿದೆ, ನಕಲು ಪ್ರತಿಗೆ ಕೈಬಿಸಿ, ಎದುರಾಳಿಯ ಪರ ವಾಲಿದರೆಂಬ ಗುಮಾನಿ. ಇವು ಜಿಲ್ಲಾ ನ್ಯಾಯಾಧೀಶರ ಬಳಿಗೋ ಹೈಕೋರ್ಟಿನ ವಿಜಿಲೆನ್ಸ್ ವಿಭಾಗಕ್ಕೋ ಹೋಗುತ್ತವೆ. ತೀರ್ಪು ತಪ್ಪೆಂದರೆ ಮೇಲ್ಮನವಿ ಹಾಕಿ ಎಂಬ ಉತ್ತರ ಬರುತ್ತದೆ. ಮೂಗರ್ಜಿಗಳ ಕಾಟ ತಡೆಯಲು ಭಾರತದ ಮುಖ್ಯ ನ್ಯಾಯಮೂರ್ತಿ 2014ರ ಅಕ್ಟೋಬರ್‌ನಲ್ಲಿ ಹೈಕೋರ್ಟುಗಳಿಗೆ ಪತ್ರ ಬರೆದು, ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ದಾಖಲೆ ಇಲ್ಲದ ದೂರನ್ನು ಪರಿಗಣಿಸಬಾರದೆಂದರು. ಪ್ರಾಮಾಣಿಕ ನ್ಯಾಯಾಧೀಶರಿಗೆ ಇದು ರಕ್ಷಣೆ. ಅದೇ ಕೋರ್ಟಿನಲ್ಲಿ ಕೇಸು ನಡೆಯುತ್ತಿರುವ ಬಡವನಿಗೆ ಹೆಸರು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

2025ರ ಮಾರ್ಚ್ 14ರಂದು ದೆಹಲಿ ಹೈಕೋರ್ಟಿನ ಯಶವಂತ ವರ್ಮಾ ಅವರ ನಿವಾಸದಲ್ಲಿ ಬೆಂಕಿ ಬಿದ್ದು ಸುಟ್ಟ ನೋಟುಗಳು ಕಂಡವೆಂಬ ಪ್ರಕರಣ ಹಳೆಯ ಗೋಪ್ಯತೆಯನ್ನು ಮುರಿಯಿತು. ಸುಪ್ರೀಂ ಕೋರ್ಟ್ ತಾನೇ ಚಿತ್ರ, ವಿಡಿಯೊಗಳನ್ನು ಪ್ರಕಟಿಸಿತು. ಆಂತರಿಕ ಸಮಿತಿಯ ಮೂವರಲ್ಲಿ ಕರ್ನಾಟಕ ಹೈಕೋರ್ಟಿನ ಅನು ಶಿವರಾಮನ್ ಒಬ್ಬರು. ಆರೋಪ ನಿರಾಕರಿಸಿದ ವರ್ಮಾ ಸಮಿತಿಯ ಕ್ರಮವನ್ನೇ ಪ್ರಶ್ನಿಸಿದರು. ಆಗಸ್ಟ್ 7ರಂದು ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು. ಐದು ದಿನಗಳ ನಂತರ ಸ್ಪೀಕರ್ ಓಂ ಬಿರ್ಲಾ 146 ಸಂಸದರ ಸೂಚನೆಯನ್ನು ಅಂಗೀಕರಿಸಿ 1968ರ ಕಾಯ್ದೆಯಡಿ ಸಮಿತಿ ರಚಿಸಿದರು. ಅದರ ಮೂವರಲ್ಲಿ ಇಬ್ಬರು ಕರ್ನಾಟಕದವರು: ಸುಪ್ರೀಂ ಕೋರ್ಟಿನ ಅರವಿಂದ ಕುಮಾರ್ ಮತ್ತು ಹಿರಿಯ ವಕೀಲ ಬಿ.ವಿ. ಆಚಾರ್ಯ. ದೂರಿಗೆ ಇನ್ನೊಂದು ಬಾಗಿಲು ತೆರೆಯುವ ಯತ್ನವೂ ನಿಂತಿತ್ತು: ಅದೇ ವರ್ಷದ ಜನವರಿಯಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲಿನ ದೂರು ತನ್ನ ವ್ಯಾಪ್ತಿಗೆ ಬರುತ್ತದೆ ಎಂದಿದ್ದ ಲೋಕಪಾಲದ ಆದೇಶಕ್ಕೆ ಸುಪ್ರೀಂ ಕೋರ್ಟ್ ಫೆಬ್ರುವರಿಯಲ್ಲಿ ತಡೆ ನೀಡಿತ್ತು.