ಹುಬ್ಬಳ್ಳಿ–ಧಾರವಾಡ ಬೈಪಾಸ್ ಹೆದ್ದಾರಿ: ಶುಲ್ಕ, ರಿಯಾಯಿತಿ ಮತ್ತು ಸುರಕ್ಷತೆ

ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದವರೆಗಿನ ಬೈಪಾಸ್ ರಸ್ತೆಯು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ (ಹಿಂದಿನ ರಾ.ಹೆ. 4, ಇಂದಿನ ರಾ.ಹೆ. 48) ಭಾಗವಾಗಿದೆ. ಇದರ ಉದ್ದ ಸುಮಾರು 30 ಕಿ.ಮೀ. ಅವಳಿ ನಗರಗಳ ಒಳಗಿನ ವಾಹನ ದಟ್ಟಣೆಯನ್ನು ತಗ್ಗಿಸುವ ಉದ್ದೇಶದಿಂದ ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಿಸಲಾದ ಈ ರಸ್ತೆಯು ಮೊದಲಿಗೆ ವಿಭಜಕವಿಲ್ಲದ ದ್ವಿಪಥವಾಗಿತ್ತು.

ರಸ್ತೆ ವಿಸ್ತರಣೆಯ ಹಿನ್ನೆಲೆ
ದಿನಾಂಕ 15-01-2021ರಂದು ಇಟಿಗಟ್ಟಿ ಬಳಿ ಟೆಂಪೋ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾಗಿ, ಗೋವಾಕ್ಕೆ ತೆರಳುತ್ತಿದ್ದ ದಾವಣಗೆರೆಯ ಮಹಿಳೆಯರು ಸೇರಿದಂತೆ ಹತ್ತಕ್ಕೂ ಹೆಚ್ಚು ಜನರು ಮೃತಪಟ್ಟರು. ರಸ್ತೆ ವಿಸ್ತರಣೆಯ ಬೇಡಿಕೆಯು ಇದರಿಂದ ತೀವ್ರಗೊಂಡಿತು. ಸೇವಾ ರಸ್ತೆಗಳನ್ನೊಳಗೊಂಡ ಷಟ್ಪಥ ಯೋಜನೆಗೆ 2022ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು.

ಶುಲ್ಕರಹಿತ ಮಾರ್ಗ
ನವಲಗುಂದ, ತಿರ್ಲಾಪುರ ಮುಂತಾದ ಕಡೆಗಳಿಂದ ಹುಬ್ಬಳ್ಳಿಗೆ ಬಂದು ಧಾರವಾಡಕ್ಕೆ ತೆರಳುವವರು ಬೈಪಾಸನ್ನೇ ಬಳಸಬೇಕೆಂದಿಲ್ಲ. ಉಣಕಲ್, ನವನಗರ, ರಾಯಾಪುರ ಮೂಲಕ ಸಾಗುವ ಹಳೆಯ ಪಿ.ಬಿ. ರಸ್ತೆಯಲ್ಲಿ ಶುಲ್ಕವಿರುವುದಿಲ್ಲ.

ರಿಯಾಯಿತಿಗಳು
ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ ಅನ್ವಯ ಈ ಕೆಳಕಂಡ ಸೌಲಭ್ಯಗಳಿವೆ.
1. 24 ಗಂಟೆಯೊಳಗೆ ಹೋಗಿ ಬರುವ ವಾಹನಕ್ಕೆ ಎರಡೂ ಪ್ರಯಾಣ ಸೇರಿ ಏಕಮುಖ ಶುಲ್ಕದ ಒಂದೂವರೆ ಪಟ್ಟು ಮಾತ್ರ.
2. ಶುಲ್ಕ ಕೇಂದ್ರದಿಂದ 20 ಕಿ.ಮೀ. ಒಳಗೆ ವಾಸಿಸುವವರ ವಾಣಿಜ್ಯೇತರ ವಾಹನಕ್ಕೆ ಸ್ಥಳೀಯ ಮಾಸಿಕ ಪಾಸ್. ವಾಹನದ ನೋಂದಣಿ ಪತ್ರ ಹಾಗೂ ವಾಸಸ್ಥಳದ ದಾಖಲೆಯೊಂದಿಗೆ ಶುಲ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಪರ್ಯಾಯ ರಸ್ತೆ ಅಥವಾ ಸೇವಾ ರಸ್ತೆ ಲಭ್ಯವಿರುವಲ್ಲಿ ಈ ಪಾಸ್ ನೀಡಲಾಗುವುದಿಲ್ಲ.
3. ಸ್ಥಳೀಯ ಪಾಸಿಗೆ ಅರ್ಹರಲ್ಲದ ಖಾಸಗಿ ಕಾರು, ಜೀಪು, ವ್ಯಾನ್ ಮಾಲೀಕರು 15-08-2025ರಿಂದ ಜಾರಿಗೆ ಬಂದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸನ್ನು ಪಡೆಯಬಹುದು. ಒಂದು ವರ್ಷ ಅಥವಾ 200 ಪ್ರಯಾಣ, ಇವುಗಳಲ್ಲಿ ಮೊದಲು ಮುಗಿಯುವುದೇ ಇದರ ಅವಧಿ. ಆರಂಭದ ದರ ರೂ. 3,000.

ಟ್ರ್ಯಾಕ್ಟರ್ ಮತ್ತು ದ್ವಿಚಕ್ರ ವಾಹನಗಳು
ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರ್, ಕಟಾವು ಯಂತ್ರ ಹಾಗೂ ಎತ್ತಿನ ಗಾಡಿಗಳಿಗೂ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಶುಲ್ಕ ವಿನಾಯಿತಿ ಇದ್ದ ಮಾತ್ರಕ್ಕೆ ಎಲ್ಲ ಹೆದ್ದಾರಿಗಳಿಗೂ ಪ್ರವೇಶವಿದೆ ಎಂದು ಭಾವಿಸತಕ್ಕದ್ದಲ್ಲ. ಉದಾಹರಣೆಗೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 01-08-2023ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ನಿರ್ಬಂಧಿಸಲಾಯಿತು. ನಿರ್ಬಂಧದ ಫಲಕವಿರುವಲ್ಲಿ ಇಂತಹ ವಾಹನಗಳು ಸೇವಾ ರಸ್ತೆಯಲ್ಲಿಯೇ ಸಾಗತಕ್ಕದ್ದು.

ಫಾಸ್ಟ್‌ಟ್ಯಾಗ್
2021ರ ಫೆಬ್ರವರಿ ಮಧ್ಯಭಾಗದಿಂದ ಫಾಸ್ಟ್‌ಟ್ಯಾಗ್ ಕಡ್ಡಾಯವಾಗಿದೆ. 15-11-2025ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸಿಂಧುವಾದ ಟ್ಯಾಗ್ ಇಲ್ಲದ ವಾಹನವು ನಗದು ನೀಡಿದಲ್ಲಿ ಎರಡು ಪಟ್ಟು, ಯುಪಿಐ ಮೂಲಕ ಪಾವತಿಸಿದಲ್ಲಿ 1.25 ಪಟ್ಟು ಶುಲ್ಕ ತೆರಬೇಕಾಗುತ್ತದೆ. ಟ್ಯಾಗ್ ಸಿಂಧುವಾಗಿದ್ದು, ಖಾತೆಯಲ್ಲಿ ಸಾಕಷ್ಟು ಹಣವಿದ್ದೂ ಶುಲ್ಕ ಕೇಂದ್ರದ ಯಂತ್ರದ ದೋಷದಿಂದ ಪಾವತಿ ಆಗದಿದ್ದಲ್ಲಿ, ಶುಲ್ಕ ನೀಡದೆ ಶೂನ್ಯ ಮೊತ್ತದ ರಶೀದಿ ಪಡೆದು ಮುಂದೆ ಸಾಗಲು ವಾಹನ ಚಾಲಕರಿಗೆ ಹಕ್ಕಿದೆ.

ತುರ್ತು ನೆರವು
ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅಪಘಾತ ಸಂಭವಿಸಿದಾಗ ಅಥವಾ ವಾಹನ ಕೆಟ್ಟುನಿಂತಾಗ, ಹಾಗೂ ಶುಲ್ಕ ಸಂಬಂಧಿ ದೂರುಗಳಿಗೆ, 1033 ಸಂಖ್ಯೆಗೆ ಕರೆ ಮಾಡಬಹುದು. ಆಂಬುಲೆನ್ಸ್‌ಗಾಗಿ 108. ಕರೆ ಮಾಡುವಾಗ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆ ತಿಳಿಸಿದಲ್ಲಿ ನೆರವು ಬೇಗ ತಲುಪುತ್ತದೆ.