ನೆಲೆಸುವುದಾದರೆ ಕೊಪ್ಪಳದಲ್ಲಿ

ಓದು-ಬರಹದ ಗಾಳಿ ಇರುವ ಸಣ್ಣ ಊರಿನಲ್ಲಿ ಮನೆ ಮಾಡಿಕೊಂಡಿರಬೇಕು ಎನ್ನುವವರಿಗೆ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದ ಹೆಸರು ಧಾರವಾಡ. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಆಯಿತು, ಆಮೇಲೆ ವಿಶ್ವವಿದ್ಯಾಲಯ ಬಂತು, ಮಾಸ್ತರರು ಮಾಳಮಡ್ಡಿಯಲ್ಲಿ, ಸಾಧನಕೇರಿಯಲ್ಲಿ ನೆಲೆ ನಿಂತರು. ಈಗ ಧಾರವಾಡ ಸಣ್ಣ ಊರಾಗಿ ಉಳಿದಿಲ್ಲ. ಅಂಥ ಬಯಕೆ ಇದ್ದವರು ಇನ್ನು ಮೇಲೆ ಕೊಪ್ಪಳದ ಕಡೆ ನೋಡಬೇಕು ಎಂಬುದು ನನ್ನ ವಾದ. ಜಿಲ್ಲೆಯಲ್ಲೇ ದುಡ್ಡು ಓಡಾಡುವ ಗಂಗಾವತಿ ಇದೆ. ಗದ್ದಲವಿಲ್ಲದ ಕುಷ್ಟಗಿ, ಯಲಬುರ್ಗಾ ಇವೆ. ಅವನ್ನು ಬಿಟ್ಟು ಕೊಪ್ಪಳವೇ ಯಾಕೆಂದರೆ, ಕಲಿಯಲು ಬಂದ ಮಗುವಿಗೆ ಅನ್ನ ಹಾಕುವುದು ತನ್ನ ಕೆಲಸ ಎಂದು ಒಪ್ಪಿಕೊಂಡ ಊರು ಅದು. ಊರು ಸಣ್ಣದೆಂದು ಹಿಂಜರಿಯಬೇಕಿಲ್ಲ. ಅಮೆರಿಕದ ಐಯೋವಾ ರಾಜ್ಯದಲ್ಲಿ ಗೋವಿನಜೋಳದ ಹೊಲಗಳ ನಡುವೆ ಗ್ರಿನ್ನೆಲ್ ಎಂಬ ಪುಟ್ಟ ಊರಿದೆ. ಅಲ್ಲಿನ ಜನ ಹತ್ತು ಸಾವಿರವೂ ದಾಟುವುದಿಲ್ಲ. 1850ರ ದಶಕದಲ್ಲಿ ಊರು ಕಟ್ಟುವಾಗಲೇ ವಿದ್ಯಾಲಯದ ಆಲೋಚನೆ ಅವರಲ್ಲಿತ್ತು. ಕಾಲೇಜನ್ನು ಊರೇ ತನ್ನದೆಂದುಕೊಂಡರೆ ಚಿಕ್ಕದಾಗಿರುವುದು ಕೊರತೆಯಾಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಓದಿಗೆ ಮರ್ಯಾದೆ ಕೊಡುವ ಗುಣ ಕೊಪ್ಪಳಕ್ಕೆ ಹೊಸದಲ್ಲ. ಊರ ಪಕ್ಕದ ಪಾಲ್ಕಿಗುಂಡು ಬೆಟ್ಟದಲ್ಲಿ ಬಂಡೆಗಳ ಮೇಲೆ ಹಾಸುಬಂಡೆಯೊಂದು ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕೂತಿದೆ. ಅದರಡಿ ಅಶೋಕನ ಬ್ರಾಹ್ಮಿ ಶಾಸನ. ಗವಿಮಠದ ಬೆಟ್ಟದಲ್ಲಿ ಇನ್ನೊಂದು. ಇದೇ ಪಾಲ್ಕಿಗುಂಡಿನ ಬಂಡೆಯ ಮೇಲೆ ಜೋಡಿ ಪಾದಗಳನ್ನು ಕೊರೆದು, ಇವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ ಎಂದು ಹಳಗನ್ನಡದಲ್ಲಿ ಬರೆದಿದ್ದಾರೆ. ಜಟಾಸಿಂಹನಂದಿ ಸಂಸ್ಕೃತದ ‘ವರಾಂಗಚರಿತ’ ಬರೆದ ಕವಿ. ಕವಿಯ ಹೆಜ್ಜೆ ಉಳಿಯಲೆಂದು ಒಬ್ಬ ಕಲ್ಲು ಕೊರೆಸಿದನೆಂದರೆ ಈ ಊರು ವಿದ್ಯೆಗೆ ಕೊಡುತ್ತಿದ್ದ ಮರ್ಯಾದೆ ಎಷ್ಟಿತ್ತೆಂದು ತಿಳಿಯುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಮುಂದೆ ಕಥೆ ಬದಲಾಯಿತು. ಕೋಟೆ ದೊಡ್ಡದಾಯಿತು, 1786ರಲ್ಲಿ ಟಿಪ್ಪುವಿನ ವಶವಾಯಿತು, ಕೊನೆಗೆ ಊರು ನಿಜಾಮರ ಕೆಳಗೆ ಸಾಲಾರ್ ಜಂಗರ ಜಹಗೀರಾಯಿತು. ಹೈದರಾಬಾದ್ ಸಂಸ್ಥಾನದಲ್ಲಿ ಮೇಲಿನ ಓದೆಂದರೆ 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ, ಅದರ ಮಾಧ್ಯಮ ಉರ್ದು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲೇ ಹುಟ್ಟಿದ ಕವಿ ಸಿದ್ದಯ್ಯ ಪುರಾಣಿಕರು ಓದಿಗಾಗಿ ಕಲಬುರ್ಗಿ, ಹೈದರಾಬಾದುಗಳಿಗೆ ಹೋಗಬೇಕಾಯಿತು. ಬುದ್ಧಿವಂತ ಹುಡುಗ ಊರು ಬಿಡುವುದೇ ಆಗ ಇಲ್ಲಿಯ ರೂಢಿ. 1948ರಲ್ಲಿ ನಿಜಾಮರ ಆಳಿಕೆ ಮುಗಿದರೂ ರೂಢಿ ಬೇಗ ತಪ್ಪಲಿಲ್ಲ. ಇಲ್ಲಿಯ ಕಾಲೇಜುಗಳು 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ, 2010ರಿಂದ ಬಳ್ಳಾರಿಗೆ ಸೇರಿದ್ದವು; ಸ್ವಂತ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ.

ಸರ್ಕಾರದ ಕಾಗದ ಬರುವ ಮೊದಲೇ ಕೊಪ್ಪಳವನ್ನು ಓದುವ ಊರು ಮಾಡಿದ್ದು ಗವಿಮಠ. ಮಠದ ಕಾಲೇಜು, ಶಾಲೆಗಳಿಗಿಂತ ದೊಡ್ಡ ಮಾತು ಅಲ್ಲಿಯ ಉಚಿತ ಪ್ರಸಾದ ನಿಲಯ. ಸಾವಿರಾರು ಹಳ್ಳಿ ಮಕ್ಕಳು ಅಲ್ಲಿ ಉಂಡು, ಮಲಗಿ, ಪಟ್ಟಣದ ಬೇರೆ ಬೇರೆ ಕಾಲೇಜುಗಳಿಗೆ ಹೋಗಿಬರುತ್ತಾರೆ. 2022ರಲ್ಲಿ 5 ಸಾವಿರ ವಿದ್ಯಾರ್ಥಿಗಳ ಹೊಸ ವಸತಿ ನಿಲಯಕ್ಕೆ ಅಡಿಗಲ್ಲು ಹಾಕುವಾಗ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಬಡ ಮಕ್ಕಳ ಹಸಿವಿನ ಮಾತಾಡುತ್ತ ಕಣ್ಣೀರು ಹಾಕಿದರು. ನಾಡಿನೆಲ್ಲೆಡೆಯಿಂದ ಜನ ಕೈಲಾದಷ್ಟು ಕೊಟ್ಟರು. ಜನವರಿಯಲ್ಲಿ ನಡೆಯುವ ಮಠದ ಜಾತ್ರೆಯಲ್ಲಿ ಈ ಕೊಡುವಿಕೆಯನ್ನು ಹತ್ತಿರದಿಂದ ಕಾಣಬಹುದು. ಜಾತ್ರೆಗೆ ಮುಂಚೆ ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಟ್ಟಿಗೆ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಖಡಕ್ಕಾಗಿ ಒಣಗಿದ ರೊಟ್ಟಿಗಳು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆಯಾಗಿ ಮಠಕ್ಕೆ ಬರುತ್ತವೆ. ಮಾದಲಿ, ಪಲ್ಯ, ಹಾಲು, ಕಾಳು-ಕಡಿ ಎಲ್ಲವೂ ಹೀಗೇ. ದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ. ಎಕರೆ ಎರಡೆಕರೆ ಒಣಬೇಸಾಯದವರ ಮನೆಯಿಂದ ಬಂದ ರೊಟ್ಟಿ ಅದು. ಮಠವೊಂದರ ಮೇಲೆ ಊರಿನ ಓದು ನಿಂತರೆ ಸರ್ಕಾರ ತನ್ನ ಹೊಣೆ ಮರೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಜಿಲ್ಲೆಯಾದದ್ದು 1998ರಲ್ಲಿ, ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ, ಸಂವಿಧಾನದ 371(ಜೆ) ಕಲಮಿನಿಂದ ಈ ಭಾಗದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕದ್ದು 2013ರ ನಂತರ. ಅಲ್ಲಿಯವರೆಗೆ ಯಾರಾದರೂ ಉಣಿಸಬೇಕಿತ್ತು.

ಗಂಗಾವತಿಯವರು ಇಲ್ಲಿ ತಕರಾರು ತೆಗೆಯುವುದು ಸಹಜ. 2011ರ ಜನಗಣತಿಯಲ್ಲಿ ಕೊಪ್ಪಳ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ, ಗಂಗಾವತಿಯದು ಲಕ್ಷಕ್ಕೂ ಮಿಗಿಲು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಅದು ಭತ್ತದ ಕಣಜವಾಯಿತು. ರೈಸ್ ಮಿಲ್ಲು, ಗಂಜು, ಆಂಧ್ರದಿಂದ ಬಂದವರ ಕ್ಯಾಂಪುಗಳು, ಸುತ್ತ ಆನೆಗೊಂದಿ, ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳ ಬೆಟ್ಟ, ಎಲ್ಲವೂ ಇವೆ. ವ್ಯಾಪಾರಕ್ಕೆ ಬರುವವನಿಗೆ ನಾನೂ ಗಂಗಾವತಿಯನ್ನೇ ಹೇಳುತ್ತೇನೆ. ಆದರೆ ಸುಗ್ಗಿಯ ದರ ಏರಿದರೆ ಇಡೀ ಊರು ಏರುತ್ತದೆ, ಕಾಲುವೆಗೆ ನೀರು ತಡವಾದರೆ ಇಡೀ ಊರು ಕುಗ್ಗುತ್ತದೆ. ಅತಿ ನೀರಿನಿಂದ ಸವಳು-ಜವಳಾದ ಹೊಲಗಳ ಚಿಂತೆ ಬೇರೆ. ಅಂಥ ಊರಿನಲ್ಲಿ ಮಾತೆಲ್ಲ ಭತ್ತದ ಸುತ್ತ ತಿರುಗುವುದು ತಪ್ಪಲ್ಲ, ಆದರೆ ಓದಲು ಬಂದವನು ಅಲ್ಲಿ ಅಂಚಿನಲ್ಲೇ ಉಳಿಯುತ್ತಾನೆ. ಇನ್ನು ಯಲಬುರ್ಗಾ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಅದರ ಸೀಮೆಯಲ್ಲಿದ್ದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಕುಷ್ಟಗಿ ಹೆದ್ದಾರಿಯ ಊರು, ದಾಳಿಂಬೆಯ ಸೀಮೆ. ಎರಡೂ ಚೆಂದದ ಊರುಗಳು, ಆದರೆ ಪದವಿಯಾಚೆ ಓದಬೇಕೆಂದರೆ ಬಹಳಷ್ಟು ಮಕ್ಕಳು ಬಸ್ಸು ಹತ್ತಬೇಕು.

ಕೊಪ್ಪಳದ ಬಗ್ಗೆ ನಿಜಕ್ಕೂ ಭಾರವಾದ ಆಕ್ಷೇಪಗಳು ಎರಡು. ಮೊದಲನೆಯದು ಹೊಗೆ, ಧೂಳು. ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಕಡೆ ಕಾರ್ಖಾನೆಗಳ ಕರಿಧೂಳು ಬೆಳೆಯ ಮೇಲೆ, ಮನೆಯ ಮಾಳಿಗೆಯ ಮೇಲೆ ಕೂರುತ್ತದೆ. ಇದನ್ನು ಮುಚ್ಚಿಟ್ಟು ಯಾರನ್ನೂ ಇಲ್ಲಿಗೆ ಕರೆಯಬಾರದು. ಆದರೆ 2025ರ ಫೆಬ್ರವರಿಯಲ್ಲಿ ಊರಿಗೆ ಅಂಟಿಕೊಂಡೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಸ್ವಾಮಿಗಳ ಜೊತೆ ವಿದ್ಯಾರ್ಥಿಗಳೂ ಅಂಗಡಿಯವರೂ ರೈತರೂ ಬೀದಿಗಿಳಿದರು. ಅದಕ್ಕೂ ಮೊದಲು, 2019ರಲ್ಲಿ, ಜಾಲಿ ಬೆಳೆದು ಹೂಳು ತುಂಬಿದ್ದ ಹಿರೇಹಳ್ಳವನ್ನು ಇದೇ ಜನ ಮೈಲುಗಟ್ಟಲೆ ಸ್ವಚ್ಛ ಮಾಡಿದ್ದರು. ತನ್ನ ಗಾಳಿ, ನೀರಿಗಾಗಿ ಹೀಗೆ ಎದ್ದು ನಿಲ್ಲುವ ಊರಿಗೆ ಹೊಸದಾಗಿ ಬಂದವನ ದನಿಯೂ ಬೇಕಾಗಿದೆ.

ಎರಡನೆಯದು ವಿಶ್ವವಿದ್ಯಾಲಯದ ಭವಿಷ್ಯ. ಹಣವಿಲ್ಲ, ಕಾಯಂ ಬೋಧಕರಿಲ್ಲ ಎಂಬ ಕಾರಣ ಕೊಟ್ಟು ಮುಚ್ಚುವ ಮಾತು 2025ರಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ಬಂತು; ಅದರಲ್ಲಿ ಕೊಪ್ಪಳವೂ ಇತ್ತು. ಹಣದ ಕೊರತೆ ಸುಳ್ಳಲ್ಲ. ಆದರೆ ಮೊದಲು ಕಟ್ಟಡ, ಬೋಧಕರು, ಗ್ರಂಥಾಲಯ ಕೊಡದೆ, ಆಮೇಲೆ ಅವು ಇಲ್ಲವೆಂದು ಬಾಗಿಲು ಹಾಕುವುದು ನ್ಯಾಯವಲ್ಲ. ಮುಚ್ಚಿದರೆ ಇಲ್ಲಿಯ ಹುಡುಗಿಯರ ಸ್ನಾತಕೋತ್ತರ ಓದಿಗೆ ಮೊದಲ ಪೆಟ್ಟು, ಏಕೆಂದರೆ ಬಳ್ಳಾರಿಗೋ ಧಾರವಾಡಕ್ಕೋ ಮಗಳನ್ನು ಕಳಿಸಲು ಎಷ್ಟೋ ಮನೆಗಳು ಇನ್ನೂ ಹಿಂಜರಿಯುತ್ತವೆ. ವಿಶ್ವವಿದ್ಯಾಲಯ ಪಟ್ಟಣದಲ್ಲಿಲ್ಲ, ತಳಕಲ್ಲಿನಲ್ಲಿದೆ, ಹಾಗಿರುವಾಗ ಕೊಪ್ಪಳ ಕಾಲೇಜಿನ ಊರು ಹೇಗಾದೀತು ಎಂಬ ಮಾತೂ ಉಂಟು. ಅದಕ್ಕೆ ಉತ್ತರ ರೈಲಿನಲ್ಲಿದೆ. ತಳಕಲ್ ಕೊಪ್ಪಳದಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗದ ರೈಲು ನಿಲ್ದಾಣ. ಗದಗ–ವಾಡಿ ಹೊಸ ಮಾರ್ಗ ಅಲ್ಲಿಂದಲೇ ಕವಲೊಡೆದು ಕುಕನೂರು, ಯಲಬುರ್ಗಾಗಳ ಮೇಲೆ ಕುಷ್ಟಗಿ ಮುಟ್ಟಿದೆ. ಗಂಗಾವತಿ, ಕಾರಟಗಿಗಳಿಗೂ ಗಿಣಿಗೇರಾದ ಕಡೆಯಿಂದ ರೈಲು ಬಂದಿದೆ. ಕಾಲೇಜಿನ ವೇಳೆಗೆ ಸರಿಹೋಗುವಂತೆ ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಗಾಡಿ ಓಡಿಸಿದರೆ ಯಲಬುರ್ಗಾದ ಹುಡುಗಿ ಮನೆಯ ಊಟ ಉಂಡೇ ಎಂ.ಎ. ಮುಗಿಸಬಹುದು. ಈ ಎರಡು ಗಾಡಿಗಳಿಗಾಗಿ ಜಿಲ್ಲೆಯ ಜನಪ್ರತಿನಿಧಿಗಳು ಪಟ್ಟು ಹಿಡಿಯಬೇಕು.